ದುಡ್ಡು ಹೋಯಿತು, ತಿಂಡಿ ಬೀಳಲಿಲ್ಲ: ವೆಂಡಿಂಗ್ ಮೆಷಿನ್ ತೊಂದರೆಗಳಿಗೆ ಪರಿಹಾರ

ಆಸ್ಪತ್ರೆ, ಕಾಲೇಜು, ರೈಲು ನಿಲ್ದಾಣ, ಕಾರ್ಖಾನೆಗಳಲ್ಲಿ ತಿಂಡಿ ಮಾರುವ ವೆಂಡಿಂಗ್ ಮೆಷಿನ್ ಈಗ ಅಪರೂಪವಲ್ಲ. ಹಣ ಹಾಕಿ ನಂಬರ್ ಒತ್ತಿದರೆ ಪ್ಯಾಕೆಟ್ ಕೆಳಗೆ ಬೀಳಬೇಕು. ಬೀಳದಿದ್ದರೆ, ರಾತ್ರಿ ರೋಗಿಯ ಜೊತೆ ಕೂತವರ ಕೈಯಲ್ಲಿದ್ದ ಕೊನೆಯ ಇಪ್ಪತ್ತು ರೂಪಾಯಿ ಹೋದಂತೆ. ಯಂತ್ರ ಇಟ್ಟವರಿಗೂ ನಷ್ಟ ತಪ್ಪಿದ್ದಲ್ಲ. ಒಮ್ಮೆ ದುಡ್ಡು ಕಳೆದುಕೊಂಡ ಗಿರಾಕಿ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಆದರೆ ಇಂಥ ಎಷ್ಟೋ ದೂರುಗಳಿಗೆ ಕಾರಣ ಯಂತ್ರ ಕೆಟ್ಟಿರುವುದಲ್ಲ. ಪ್ಯಾಕೆಟ್ ಜೋಡಿಸಿದ ರೀತಿ ಅಥವಾ ಸೆಟ್ಟಿಂಗ್ ತಪ್ಪಿರುವುದು. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಅಂಗಡಿಯವರೇ ನೋಡಬಹುದಾದ ಅಂಶಗಳು ಇಲ್ಲಿವೆ.

ಯಂತ್ರ ಕೆಲಸ ಮಾಡುವ ಬಗೆ

ಪ್ರತಿ ಸಾಲಿನಲ್ಲೂ ಸ್ಪ್ರಿಂಗಿನಂಥ ಒಂದು ಸುರುಳಿ, ಅದರ ಹಿಂದೆ ಒಂದು ಚಿಕ್ಕ ಮೋಟಾರ್ ಇರುತ್ತದೆ. ಸುರುಳಿಯ ಒಂದೊಂದು ಸಂದಿನಲ್ಲಿ ಒಂದೊಂದು ಪ್ಯಾಕೆಟ್. ನಂಬರ್ ಒತ್ತಿದಾಗ ಸುರುಳಿ ಒಂದು ಸುತ್ತು ತಿರುಗುತ್ತದೆ, ಮುಂದಿನ ಪ್ಯಾಕೆಟ್ ಅಂಚು ದಾಟಿ ಬೀಳುತ್ತದೆ. ಸುತ್ತು ಮುಗಿಯಿತೆಂದು ತಿಳಿಸಲು ಮೋಟಾರಿನಲ್ಲಿ ಸಣ್ಣ ಸ್ವಿಚ್ ಇದೆ. ಸುರುಳಿ ನಿಲ್ಲದೆ ತಿರುಗುತ್ತಿದ್ದರೆ ಅಥವಾ ಅರ್ಧಕ್ಕೇ ನಿಂತರೆ ಈ ಸ್ವಿಚ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಅದು ಮೆಕ್ಯಾನಿಕ್ ಕೆಲಸ.

ಪ್ಯಾಕೆಟ್ ಸಿಕ್ಕಿಕೊಂಡರೆ

ಪ್ಯಾಕೆಟ್ ಸಂದಿನಲ್ಲಿ ತುಸು ಸಡಿಲವಾಗಿರಬೇಕು. ಬೆರಳಿನಿಂದ ಒತ್ತಿ ತುರುಕಬೇಕಾದರೆ ಅದು ಖಂಡಿತ ಸಿಕ್ಕಿಕೊಳ್ಳುತ್ತದೆ. ಉಬ್ಬಿದ ಚಿಪ್ಸ್ ಪ್ಯಾಕೆಟ್‌ಗೆ ಅಗಲ ಸಂದಿನ ಸುರುಳಿ, ಬಿಸ್ಕತ್ತು, ಚಾಕಲೇಟಿಗೆ ಕಿರಿದಾದ ಸಂದಿನ ಸುರುಳಿ ಬೇಕು. ತೆಳ್ಳನೆ ಪ್ಯಾಕೆಟನ್ನು ಅಗಲ ಸಂದಿನಲ್ಲಿಟ್ಟರೆ ಅದು ವಾಲಿಕೊಂಡು ಅಡ್ಡವಾಗುತ್ತದೆ. ಒಂದೇ ಸಂದಿನಲ್ಲಿ ಎರಡು ಸೇರಿದರೆ ಒಟ್ಟಿಗೆ ಎರಡು ಬೀಳುತ್ತವೆ.

ಪ್ಯಾಕೆಟಿನ ತಳ ಟ್ರೇ ಮೇಲೆ ಕೂತಿರಬೇಕು, ಸುರುಳಿಯ ತಂತಿಯ ಮೇಲಲ್ಲ. ಮೇಲಿನ ಟ್ರೇಗೂ ಪ್ಯಾಕೆಟಿಗೂ ನಡುವೆ ಜಾಗ ಬಿಡಬೇಕು, ಇಲ್ಲವಾದರೆ ಅದು ಮುಂದಕ್ಕೆ ಬಾಗುವಾಗ ತಲೆ ತಾಗುತ್ತದೆ. ಎಲ್ಲ ಸರಿಯಿದ್ದೂ ಅಂಚಿನಲ್ಲೇ ನಿಲ್ಲುತ್ತಿದ್ದರೆ ಸುರುಳಿಯನ್ನು ಮೋಟಾರಿನಿಂದ ಬಿಡಿಸಿ, ಸ್ವಲ್ಪ ತಿರುಗಿಸಿ ಮತ್ತೆ ಕೂರಿಸಬೇಕು. ಸುತ್ತು ಮುಗಿಯುವ ಸ್ವಲ್ಪ ಮೊದಲೇ ಪ್ಯಾಕೆಟ್ ಬೀಳುವಂತಿರಬೇಕು.

ಬಿದ್ದದ್ದನ್ನು ನೋಡುವ ಕಣ್ಣು

ಹಲವು ಯಂತ್ರಗಳಲ್ಲಿ ಪ್ಯಾಕೆಟ್ ಬೀಳುವ ದಾರಿಗೆ ಅಡ್ಡಲಾಗಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಸೆನ್ಸರ್ ಇರುತ್ತದೆ. ಪ್ಯಾಕೆಟ್ ಆ ಬೆಳಕನ್ನು ಕಡಿದರೆ ಮಾರಾಟ ಆಯಿತೆಂದು ಲೆಕ್ಕ. ಕಡಿಯದಿದ್ದರೆ ಯಂತ್ರ ಸುರುಳಿಯನ್ನು ಇನ್ನಷ್ಟು ತಿರುಗಿಸುತ್ತದೆ. ಆಗಲೂ ಬೀಳದಿದ್ದರೆ ಹಣವನ್ನು ಗಿರಾಕಿಯ ಲೆಕ್ಕದಲ್ಲೇ ಉಳಿಸುತ್ತದೆ. ಈ ಸೆನ್ಸರ್ ಸೆಟ್ಟಿಂಗ್‌ನಲ್ಲಿ ಆಫ್ ಆಗಿದ್ದರೆ ಸುರುಳಿ ತಿರುಗಿದ್ದೇ ಮಾರಾಟ. ಪ್ಯಾಕೆಟ್ ನೇತಾಡುತ್ತಿದ್ದರೂ ಗಿರಾಕಿಯ ದುಡ್ಡು ಹೋದಂತೆಯೇ. ಆದ್ದರಿಂದ ಮೊದಲು ನೋಡಬೇಕಾದ ಸೆಟ್ಟಿಂಗ್ ಇದು. ಧೂಳು ಕೂತರೂ ಸೆನ್ಸರ್ ತಪ್ಪು ಲೆಕ್ಕ ಹಾಕುತ್ತದೆ. ಮೆತ್ತನೆ ಒಣ ಬಟ್ಟೆಯಲ್ಲಿ ಆಗಾಗ ಒರೆಸಬೇಕು.

ಬೆಲೆ ಮತ್ತು ನಂಬರ್

ಬಾಗಿಲ ಒಳಗಿನ ಸರ್ವಿಸ್ ಬಟನ್ ಒತ್ತಿದರೆ ಸೆಟ್ಟಿಂಗ್‌ಗಳು ತೆರೆಯುತ್ತವೆ. ಪ್ರತಿ ನಂಬರಿಗೂ ಬೆಲೆ ಬೇರೆ ಬೇರೆಯಾಗಿ ಕೊಡಬಹುದು. ಬೆಲೆ ಸೊನ್ನೆ ಇದ್ದರೆ ತಿಂಡಿ ಪುಕ್ಕಟೆ ಹೋಗುತ್ತದೆ. ಎಂಆರ್‌ಪಿಗಿಂತ ಹೆಚ್ಚಿದ್ದರೆ ಕಾನೂನಿನ ತೊಂದರೆ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕಲೇಟು, ಪ್ಯಾಕೆಟ್ ಖಾರದ ತಿಂಡಿಗಳ ಮೇಲಿನ ಜಿಎಸ್‌ಟಿ ಶೇ. 5ಕ್ಕೆ ಇಳಿಯಿತು. ಹೊಸ ಸರಕು ತುಂಬುವಾಗಲೆಲ್ಲ ಪ್ಯಾಕೆಟಿನ ಮೇಲಿನ ಬೆಲೆಯನ್ನು ಯಂತ್ರದ ಬೆಲೆಗೆ ತಾಳೆ ನೋಡಬೇಕು. ಅದೇ ಬೆಲೆಗೆ ತೂಕ ಹೆಚ್ಚಿಸಿದ ಪ್ಯಾಕೆಟ್ ದಪ್ಪಗಿದ್ದರೆ ಹಳೆಯ ಸುರುಳಿಗೆ ಹೊಂದದೆ ಹೋಗಬಹುದು.

21 ಒತ್ತಿದರೆ 22 ಬೀಳುತ್ತಿದ್ದರೆ, ಟ್ರೇ ತೆಗೆದು ಹಾಕಿದಾಗ ಮೋಟಾರಿನ ವೈರುಗಳು ಅದಲು ಬದಲಾಗಿವೆಯೇ ನೋಡಬೇಕು.

ನಾಣ್ಯ, ನೋಟು, ಯುಪಿಐ

ನಾಣ್ಯದ ಗಾತ್ರ, ದಪ್ಪ, ಲೋಹಗಳನ್ನು ಯಂತ್ರ ಅಳೆಯುತ್ತದೆ. ಹತ್ತು ರೂಪಾಯಿಯ 14 ನಮೂನೆಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. ಆದರೆ ಯಂತ್ರಕ್ಕೆ ಕಲಿಸದ ನಮೂನೆಯನ್ನು ಅದು ವಾಪಸ್ ಉಗುಳುತ್ತದೆ. ಹೊಸ ನಮೂನೆಯ ನೋಟುಗಳದ್ದೂ ಇದೇ ಕಥೆ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಸಬೇಕು. ಚಿಲ್ಲರೆ ಇಡುವ ಕೊಳವೆ ಖಾಲಿಯಾದರೆ ಸರಿಯಾದ ಚಿಲ್ಲರೆ ಹಾಕಿ ಎಂಬ ಸೂಚನೆ ಬರುತ್ತದೆ. ಅದು ದೋಷವಲ್ಲ, ನಾಣ್ಯ ತುಂಬಿದರೆ ಸಾಕು.

ಯುಪಿಐಯಲ್ಲಿ ಹಣ ಕಟ್ಟಿದ ಸುದ್ದಿ ಯಂತ್ರಕ್ಕೆ ಮೊಬೈಲ್ ಸಿಗ್ನಲ್ ಮೂಲಕ ತಲುಪಬೇಕು. ಗುಡ್ಡಗಾಡಿನಲ್ಲಿ, ದಪ್ಪ ಗೋಡೆಯ ಕಟ್ಟಡದಲ್ಲಿ ಸಿಗ್ನಲ್ ಸೋತರೆ ಹಣ ಕಡಿತವಾಗಿಯೂ ಸುರುಳಿ ತಿರುಗುವುದಿಲ್ಲ. ಆಂಟೆನಾವನ್ನು ಯಂತ್ರದ ಮೇಲಕ್ಕೆ ಸರಿಸಿ ನೋಡಬಹುದು. ಖಾತೆಯಿಂದ ಹಣ ಹೋಗಿ ವ್ಯಾಪಾರಿಗೆ ದೃಢೀಕರಣ ಬರದಿದ್ದರೆ ಬ್ಯಾಂಕು 5 ದಿನದೊಳಗೆ ತಾನಾಗಿ ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಇದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ನಿಯಮ. ಹಣ ವ್ಯಾಪಾರಿಗೆ ತಲುಪಿ ತಿಂಡಿ ಮಾತ್ರ ಬೀಳದಿದ್ದರೆ ಹಣ ಕೊಡಬೇಕಾದವರು ಯಂತ್ರ ಇಟ್ಟವರೇ.

ಅಲುಗಾಡಿಸಬೇಡಿ

ಸಿಕ್ಕಿಕೊಂಡ ಪ್ಯಾಕೆಟಿಗಾಗಿ ಯಂತ್ರವನ್ನು ಅಲುಗಾಡಿಸುವುದು ಪ್ರಾಣಕ್ಕೇ ಅಪಾಯ. ಅಮೆರಿಕದಲ್ಲಿ 1978ರಿಂದ 1995ರ ನಡುವೆ ಯಂತ್ರ ಮೈಮೇಲೆ ಬಿದ್ದು 37 ಮಂದಿ ಸತ್ತಿದ್ದನ್ನು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ದಾಖಲಿಸಿದೆ. ಯಂತ್ರವನ್ನು ಗೋಡೆಗೋ ನೆಲಕ್ಕೋ ಬಿಗಿಯುವುದು ಒಳ್ಳೆಯದು. ಒಳಗಿನ ವೈರು, ಮೋಟಾರ್ ಮುಟ್ಟುವ ಮೊದಲು ಪ್ಲಗ್ ಕೀಳಬೇಕು.

ಸರಕು ತುಂಬಿದ ಮೇಲೆ ಪ್ರತಿ ಸಾಲಿನಿಂದಲೂ ಒಂದು ಪ್ಯಾಕೆಟ್ ಬೀಳಿಸಿ ನೋಡಿಯೇ ಬಾಗಿಲು ಮುಚ್ಚಬೇಕು. ಯಂತ್ರದ ಪರದೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಮಾತಾಡುತ್ತದೆ. ಗಡಿನಾಡಿನ ಊರುಗಳಲ್ಲಿ ಅದರ ಪಕ್ಕದಲ್ಲಿ ಎರಡು ಭಾಷೆಯ ಚೀಟಿ ಅಂಟಿಸುವುದು ಉತ್ತಮ. ಕಾಸರಗೋಡಿನಲ್ಲಾದರೆ ಕನ್ನಡ, ಮಲಯಾಳ. ಅಕ್ಕಲಕೋಟೆಯಲ್ಲಿ ಕನ್ನಡ, ಮರಾಠಿ. ಹೊಸೂರಿನಲ್ಲಿ ಕನ್ನಡ, ತಮಿಳು. ಆದವಾನಿಯಲ್ಲಿ ಕನ್ನಡ, ತೆಲುಗು. ಹಣ ವಾಪಸ್ ಕೇಳಲು ಯಾರಿಗೆ ಫೋನ್ ಮಾಡಬೇಕು ಎಂಬುದು ಅದರಲ್ಲಿ ದೊಡ್ಡ ಅಕ್ಷರದಲ್ಲಿರಲಿ.