ತ್ರಿಫಲ ಬಾಗ್ದಾದಿಗೆ ಹೋಗಿ ಬಂದ ಕತೆ

ನಮ್ಮ ನಾನಿಯ ಕೋಣೆಯ ಗೋಡೆಗೂಡಿನಲ್ಲಿ ಎರಡು ಡಬ್ಬಿಗಳಿದ್ದವು. ಒಂದರಲ್ಲಿ ಹಕೀಮರ ಅಂಗಡಿಯಿಂದ ತಂದ ಇತ್ರೀಫಲ್, ಇನ್ನೊಂದರಲ್ಲಿ ಪಕ್ಕದ ಬೀದಿಯ ಪಂಡಿತರು ಪೊಟ್ಟಣ ಕಟ್ಟಿಕೊಟ್ಟ ತ್ರಿಫಲ ಚೂರ್ಣ. ತಲೆಭಾರಕ್ಕೆ ಮೊದಲನೆಯದು, ಹೊಟ್ಟೆ ಕಟ್ಟಿದರೆ ಎರಡನೆಯದು. ಉರ್ದುವನ್ನೂ ಕನ್ನಡವನ್ನೂ ಒಟ್ಟಿಗೇ ಕಲಿಯುತ್ತಿದ್ದ ನಾವು, ಒಂದು ಮುಸ್ಲಿಮರ ಮದ್ದು, ಇನ್ನೊಂದು ಹಿಂದೂಗಳ ಮದ್ದು ಎಂದೇ ತಿಳಿದಿದ್ದೆವು. ಎರಡೂ ಡಬ್ಬಿಗಳ ಹೆಸರು ಒಂದೇ ಎಂಬುದು ಗೊತ್ತಾಗಲು ನಮಗೆ ಬಹಳ ವರ್ಷಗಳೇ ಬೇಕಾದವು.

ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ - ಈ ಮೂರು ಕಾಯಿಗಳು ಸೇರಿದರೆ ತ್ರಿಫಲ. ಈ ಪದವೇ ಅರಬ್ಬರ ನಾಲಿಗೆಯಲ್ಲಿ ಇತ್ರೀಫಲ್ ಆಯಿತು. ಕಾಯಿಗಳೂ ತಮ್ಮ ಹೆಸರನ್ನು ಹೊತ್ತುಕೊಂಡೇ ಹೋದವು. ಸಂಸ್ಕೃತದ ಹರೀತಕೀ, ವಿಭೀತಕ, ಆಮಲಕಗಳು ಹಕೀಮರ ಪುಸ್ತಕಗಳಲ್ಲಿ ಹಲೀಲಜ್, ಬಲೀಲಜ್, ಅಮ್ಲಜ್ ಎಂಬ ರೂಪದಲ್ಲಿ ಕುಳಿತಿವೆ. ಹೆಸರು ಬದಲಾಗಿಲ್ಲ, ಉಚ್ಚಾರ ಬದಲಾಗಿದೆ ಅಷ್ಟೆ.

ಈ ಪಯಣದ ದಾರಿಯನ್ನು ಇತಿಹಾಸ ಗುರುತಿಸಿಟ್ಟಿದೆ. ಖಲೀಫ ಹಾರೂನ್ ಅಲ್ ರಶೀದ್ (ಕ್ರಿ.ಶ. 786-809) ಕಾಲದ ಬಾಗ್ದಾದಿನಲ್ಲಿ ಬರ್ಮಕಿ ಮನೆತನದ ಮಂತ್ರಿಗಳು ಭಾರತದ ವೈದ್ಯರನ್ನು ಕರೆಸಿಕೊಂಡಿದ್ದರು. ಮಂಕ ಎಂಬ ಭಾರತೀಯ ವೈದ್ಯ ಸುಶ್ರುತಸಂಹಿತೆಯನ್ನು ಅವರ ಭಾಷೆಗೆ ತಂದನೆಂದು ಹತ್ತನೆಯ ಶತಮಾನದ ಇಬ್ನ್ ಅಲ್ ನದೀಮ್ ತನ್ನ ಗ್ರಂಥಸೂಚಿಯಲ್ಲಿ ದಾಖಲಿಸಿದ್ದಾನೆ. ಕ್ರಿ.ಶ. 850ರಲ್ಲಿ ಅಲಿ ಇಬ್ನ್ ರಬ್ಬನ್ ತಬರಿ ಬರೆದು ಮುಗಿಸಿದ 'ಫಿರ್ದೌಸುಲ್ ಹಿಕ್ಮತ್' ಗ್ರಂಥದ ಕೊನೆಯ ಭಾಗ ಚರಕ, ಸುಶ್ರುತರ ವೈದ್ಯವನ್ನೇ ಪರಿಚಯಿಸುತ್ತದೆ. ಗ್ರೀಕರ ವಿದ್ಯೆಯನ್ನು ಸ್ವೀಕರಿಸಿದ ಕೈಗಳೇ ನಮ್ಮ ನೆಲದ ವಿದ್ಯೆಯನ್ನೂ ಅಷ್ಟೇ ಆದರದಿಂದ ಸ್ವೀಕರಿಸಿದವು. 'ಯುನಾನಿ' ಎಂಬ ಹೆಸರೇ ಇದಕ್ಕೆ ಸಾಕ್ಷಿ. ಯುನಾನಿ ಎಂದರೆ ಗ್ರೀಕ್. ಸಂಸ್ಕೃತದ 'ಯವನ'ನೂ ಇವನೇ. ಮುಸ್ಲಿಮರದ್ದೆಂದು ಜನ ತಿಳಿದ ವೈದ್ಯಕ್ಕೆ ಮುಸ್ಲಿಮ್ ವೈದ್ಯರೇ ಗ್ರೀಕರ ಹೆಸರನ್ನು ಉಳಿಸಿಕೊಂಡರು. ಕಲಿಸಿದವರ ಹೆಸರನ್ನು ಅಳಿಸಬೇಕೆಂದು ಅವರಿಗೆ ಅನಿಸಲಿಲ್ಲ.

ಪದಗಳು ಅದಕ್ಕೂ ಹಿಂದಿನಿಂದಲೇ ಓಡಾಡುತ್ತಿದ್ದವು. ಪವಿತ್ರ ಕುರ್‌ಆನಿನ 'ಅಲ್ ಇನ್ಸಾನ್' ಅಧ್ಯಾಯದಲ್ಲಿ ಸ್ವರ್ಗದ ಪಾನೀಯದ ವರ್ಣನೆಯಿದೆ. ಅಲ್ಲಿ ಬರುವ 'ಕಾಫೂರ್' ನಮ್ಮ ಕರ್ಪೂರ. 'ಜಂಜಬೀಲ್' ಎಂದರೆ ಶುಂಠಿ. ಈ ಜಂಜಬೀಲ್ ಪದದ ಜಾಡು ಹಿಡಿದು ಹೊರಟ ಭಾಷಾಶಾಸ್ತ್ರಜ್ಞರು ಸಂಸ್ಕೃತದ 'ಶೃಂಗವೇರ'ಕ್ಕೆ, ಅಲ್ಲಿಂದ ದ್ರಾವಿಡ ಭಾಷೆಗಳ 'ಇಂಜಿ' ಮತ್ತು 'ವೇರ್' ಪದಗಳಿಗೆ ಬಂದು ನಿಲ್ಲುತ್ತಾರೆ. ವೇರ್ ಎಂದರೆ ಬೇರೇನಲ್ಲ, ನಮ್ಮ ಕನ್ನಡದ 'ಬೇರು'! ಮಲಬಾರಿನ ಕಡೆಯ ಶುಂಠಿ ಹಡಗು ಹತ್ತಿದಾಗ ತನ್ನ ಬೇರನ್ನೂ ಕೊಂಡೊಯ್ದಿತ್ತು.

ಹೋದದ್ದು ಮಾತ್ರವಲ್ಲ, ಬಂದದ್ದೂ ಇದೆ. ಫಾರ್ಸಿಯಲ್ಲಿ 'ಗುಲ್' ಎಂದರೆ ಹೂವು, 'ಆಬ್' ಎಂದರೆ ನೀರು. ಗುಲಾಬ್ ಎಂದರೆ ಪನ್ನೀರು. ಅರಬ್ಬಿಯಲ್ಲಿ ಇದು 'ಜುಲಾಬ್' ಆಗಿ ಸಿಹಿ ಪಾನಕದ ಹೆಸರಾಯಿತು. ನಮ್ಮ ಕಡೆಗೆ ಬಂದು ಮುಟ್ಟುವಷ್ಟರಲ್ಲಿ ಅದು ಭೇದಿ ಮಾಡಿಸುವ 'ಜುಲಾಬು'! ಇತ್ತ ಫಾರ್ಸಿಯ ಗುಲಾಬ್ ನೀರನ್ನು ಬಿಟ್ಟು ಹೂವಿನ ಹೆಸರೇ ಆಗಿ ಗುಲಾಬಿಯಾಯಿತು. ದೇವರ ಪಟಕ್ಕೆ ಮುಡಿಸುವ ಗುಲಾಬಿಗೂ ದರ್ಗಾಕ್ಕೆ ಅರ್ಪಿಸುವ ಗುಲಾಬಿಗೂ ನಾವು ಬೇರೆ ಬೇರೆ ಹೆಸರಿಟ್ಟಿಲ್ಲ. 'ಗುಲ್ಕಂದ'ದಲ್ಲಿ ಗುಲ್ ಫಾರ್ಸಿಯದು. 'ಕಂದ್' ಮಾತ್ರ ಸಂಸ್ಕೃತದ 'ಖಂಡ', ಅಂದರೆ ಸಕ್ಕರೆಯ ಹರಳು.

ಅರಬ್ಬಿಯಲ್ಲಿ ಕುಡಿಯುವುದಕ್ಕೆ ಸಂಬಂಧಿಸಿದ ಒಂದೇ ಧಾತುವಿನಿಂದ ಶರಬತ್ತು ಬಂತು, ಶರಾಬೂ ಬಂತು. ಅದೇ ಪದ ಯುರೋಪನ್ನು ಸುತ್ತಿ 'ಸಿರಪ್' ಆಗಿ ನಮ್ಮ ಔಷಧದ ಅಂಗಡಿಗೆ ಇಳಿದಿದೆ. ಗಾಯಕ್ಕೆ ಹಚ್ಚುವ ಮುಲಾಮು 'ಮರ್ಹಮ್' ಪದದ ಕನ್ನಡ ರೂಪ. ಅದರ ಮೂಲ ಗ್ರೀಕಿನಲ್ಲಿದೆ. ಉತ್ತರ ಕರ್ನಾಟಕದ ಹಳ್ಳಿಯವರು ಇಂದಿಗೂ ಹೋಗುವುದು 'ದವಾಖಾನೆ'ಗೆ. ಅಲ್ಲಿ 'ದವಾ' ಅರಬ್ಬಿ, 'ಖಾನೆ' ಫಾರ್ಸಿ, ಹೋಗುವವರು ಅಚ್ಚ ಕನ್ನಡಿಗರು. ಇನ್ನೂ ಒಂದು ಸೋಜಿಗವಿದೆ. ಪಂಡಿತರ 'ಲೇಹ್ಯ' ಎಂದರೆ ನೆಕ್ಕುವಂಥದ್ದು. ಕೆಮ್ಮಿಗೆ ಹಕೀಮರು ಕೊಡುವ 'ಲವೂಕ್' ಪದಕ್ಕೂ ಅರಬ್ಬಿಯಲ್ಲಿ ಅದೇ ಅರ್ಥ. ಇಲ್ಲಿ ಯಾರೂ ಯಾರಿಂದಲೂ ಪದ ಪಡೆದಿಲ್ಲ. ಕೆಮ್ಮುವ ಮಗುವಿನ ಮುಂದೆ ಬೆರಳು ಚಾಚಿದ ಎರಡು ನಾಡಿನ ವೈದ್ಯರಿಗೆ ಹೊಳೆದದ್ದು ಒಂದೇ ಮಾತು.

ಈ ಕೊಡುಕೊಳ್ಳುವಿಕೆಗೆ ನಮ್ಮ ಬಿಜಾಪುರವೂ ಸಾಕ್ಷಿಯಾಗಿದೆ. ಇತಿಹಾಸಕಾರನೆಂದೇ ಹೆಸರಾದ ಮುಹಮ್ಮದ್ ಕಾಸಿಂ ಫಿರಿಶ್ತಾ, ಎರಡನೆಯ ಇಬ್ರಾಹಿಂ ಆದಿಲ್‌ಶಾಹಿಯ ಆಶ್ರಯದಲ್ಲಿದ್ದವನು, ಭಾರತೀಯ ವೈದ್ಯಪದ್ಧತಿಯನ್ನು ಕುರಿತು ಫಾರ್ಸಿಯಲ್ಲಿ 'ದಸ್ತೂರುಲ್ ಅತಿಬ್ಬಾ' ಎಂಬ ಗ್ರಂಥ ಬರೆದ. ಅದಕ್ಕೂ ಮುಂಚೆ 1512ರಲ್ಲಿ, ಸಿಕಂದರ್ ಲೋದಿಯ ಕಾಲದಲ್ಲಿ, ಮಿಯಾ ಭುವಾ ಸಂಸ್ಕೃತ ವೈದ್ಯಗ್ರಂಥಗಳ ಸಾರವನ್ನು ಫಾರ್ಸಿಗೆ ತಂದಿದ್ದ. ನಮ್ಮ ಹತ್ತಿರದ ಕಾಲಕ್ಕೆ ಬಂದರೆ, ಹಕೀಮ್ ಅಜ್ಮಲ್ ಖಾನರು ದೆಹಲಿಯಲ್ಲಿ ಕಟ್ಟಿದ ಕಾಲೇಜಿನ ಹೆಸರಲ್ಲೇ ಆಯುರ್ವೇದ ಮತ್ತು ಯುನಾನಿ ಎರಡೂ ಇವೆ. 1921ರಲ್ಲಿ ಅದನ್ನು ಉದ್ಘಾಟಿಸಿದವರು ಗಾಂಧೀಜಿ. ಬ್ರಿಟಿಷ್ ಸರಕಾರ ದೇಶೀಯ ವೈದ್ಯರನ್ನು ಮೂಲೆಗುಂಪು ಮಾಡುತ್ತಿದ್ದಾಗ ವೈದ್ಯರನ್ನೂ ಹಕೀಮರನ್ನೂ ಒಂದೇ ಸೂರಿನಡಿ ನಿಲ್ಲಿಸಿದ್ದು ಅಜ್ಮಲ್ ಖಾನರ ದೊಡ್ಡತನ.

ಈ ಮದ್ದುಗಳು ಎಲ್ಲ ರೋಗಕ್ಕೂ ರಾಮಬಾಣವೆಂದು ನಾವು ಹೇಳುತ್ತಿಲ್ಲ. ಅದನ್ನು ಪರೀಕ್ಷಿಸಿ ಹೇಳುವುದು ವಿಜ್ಞಾನದ ಕೆಲಸ. ನಮ್ಮ ಚಿಂತೆ ಬೇರೆ. ಕನ್ನಡದಲ್ಲಿ ಸೇರಿಕೊಂಡ ಅರಬ್ಬಿ-ಫಾರ್ಸಿ ಪದಗಳನ್ನು ಕಲ್ಲು ಆರಿಸಿದಂತೆ ಆರಿಸಿ ತೆಗೆಯಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಯುನಾನಿ ನಮ್ಮದು, ಆಯುರ್ವೇದ ಅವರದು ಎಂಬ ಬೇಲಿಯನ್ನು ನಮ್ಮವರಲ್ಲೂ ಕೆಲವರು ಹಾಕಿಕೊಂಡಿದ್ದಾರೆ. ಇಬ್ಬರೂ ತಮ್ಮ ಮನೆಯ ಮದ್ದಿನ ಡಬ್ಬಿಯನ್ನು ಒಮ್ಮೆ ತೆರೆದು ನೋಡಲಿ. ಮುಲಾಮು ಬೇಡವೆಂದರೆ ಗಾಯಕ್ಕೆ ಹಚ್ಚುವುದೇನನ್ನು? ತ್ರಿಫಲ ಬೇಡವೆಂದರೆ ಇತ್ರೀಫಲಿನಲ್ಲಿ ಉಳಿಯುವುದೇನು?

ನಾನಿ ಈಗಿಲ್ಲ. ಆಕೆಗೆ ಬಾಗ್ದಾದಿನ ಕತೆಯಾಗಲಿ, ತಬರಿಯ ಹೆಸರಾಗಲಿ ತಿಳಿದಿರಲಿಲ್ಲ. ಆದರೂ ಎರಡು ಡಬ್ಬಿಗಳನ್ನು ಒಂದೇ ಗೂಡಿನಲ್ಲಿ, ಒಂದರ ಪಕ್ಕ ಒಂದನ್ನು ಇಟ್ಟಿದ್ದಳು. ಯಾವುದರಿಂದ ಒಂದು ಚಮಚ ಕೊಟ್ಟರೂ ಮೊದಲು 'ಬಿಸ್ಮಿಲ್ಲಾ' ಎನ್ನುತ್ತಿದ್ದಳು.