ಹರಿಹರದ ಲೇತ್, ಜಾಲಹಳ್ಳಿಯ ಲೇತ್

ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಚಿಕ್ಕದೊಂದು ವರ್ಕ್‌ಶಾಪ್ ತೆರೆಯಲು ಹೊರಟವರಿಗೆ ಮೊದಲು ಎದುರಾಗುವುದು ಲೇತಿನ ಪ್ರಶ್ನೆ: ಹೊಸದು ಕೊಳ್ಳುವುದೋ, ಹಳೆಯದೋ? ಕೈಯಲ್ಲಿರುವ ದುಡ್ಡೊಂದೇ ಇದನ್ನು ತೀರ್ಮಾನಿಸುವುದಿಲ್ಲ. ಕರ್ನಾಟಕದ ಮಟ್ಟಿಗೆ ಎರಡು ಕಾರ್ಖಾನೆಗಳ ಏಳುಬೀಳಿಗೂ ಅದರಲ್ಲಿ ದೊಡ್ಡ ಪಾಲಿದೆ.

ಎರಡನೇ ಮಹಾಯುದ್ಧಕ್ಕೆ ಮುಂಚೆ ಒಳ್ಳೆಯ ಲೇತ್ ಎಂದರೆ ಹಡಗಿನಲ್ಲಿ ಬಂದದ್ದೇ. ಯುದ್ಧ ಶುರುವಾದ ಮೇಲೆ ಇಂಗ್ಲೆಂಡಿನ ಕಾರ್ಖಾನೆಗಳು ತಮ್ಮ ಸೈನ್ಯದ ಕೆಲಸಕ್ಕೆ ತಿರುಗಿದವು. ಇತ್ತ ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ ತಲೆಯೆತ್ತಿತ್ತು. ಯಂತ್ರಗಳ ಹಸಿವು ಹೆಚ್ಚಿತು. 1941ರಲ್ಲಿ ಮೈಸೂರು ಸಂಸ್ಥಾನದ ಗಡಿಯೂರಾದ ಹರಿಹರದಲ್ಲಿ, ತುಂಗಭದ್ರೆಯ ಬದಿಯಲ್ಲಿ, ಮೈಸೂರು ಕಿರ್ಲೋಸ್ಕರ್ ಕಂಪನಿ ಹುಟ್ಟಿತು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ್ದೇ ಈ ಸಂಸ್ಥೆ. ಕಾರ್ಖಾನೆಯ ಸುತ್ತಲಿನ ಬಡಾವಣೆಗೆ ಯಂತ್ರಪುರ ಎಂಬ ಹೆಸರೇ ಬಂತು. ಅಲ್ಲಿನ ‘ಎಂಟರ್‌ಪ್ರೈಸ್’ ಲೇತ್ ಸಣ್ಣ ವರ್ಕ್‌ಶಾಪುಗಳಿಗೆ ಹೋಯಿತು, ಐಟಿಐಗಳಿಗೂ ಹೋಯಿತು.

ಬೆಂಗಳೂರಿನ ಜಾಲಹಳ್ಳಿಯಲ್ಲಿ ಕೇಂದ್ರ ಸರ್ಕಾರ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ (ಎಚ್‌ಎಂಟಿ) ಕಟ್ಟಿತು. ತಾಂತ್ರಿಕ ಸಹಕಾರ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯದು. ಈ ಸಂಸ್ಥೆ ಕೈಗಡಿಯಾರಕ್ಕೆ ಹೆಸರಾದದ್ದು 1961ರ ನಂತರ; ಮೊದಲು ಮಾಡಿದ್ದು ಲೇತ್. ಮುಂದೆ ಬಂದ ಎನ್‌ಎಚ್-22, ಎನ್‌ಎಚ್-26 ಎಂಬ ಮಾದರಿಗಳ ಸಂಖ್ಯೆಯಲ್ಲೇ ಯಂತ್ರದ ಅಳತೆ ಇದೆ: ಲೇತಿನ ತಳಹದಿಯಾದ ಬೆಡ್ಡಿನಿಂದ ಸೆಂಟರಿನ ಎತ್ತರ 220 ಮಿ.ಮೀ., 260 ಮಿ.ಮೀ.

ಹೊಸದರ ಬದಲು ಹಳೆಯ ವಿಲಾಯತಿ ಲೇತ್ ಕೊಂಡವರಿಗೆ ಆ ಕಾಲದಲ್ಲಿ ಒಂದು ತೊಡಕು ಕಾದಿತ್ತು. 1956ರ ಕಾನೂನಿನಿಂದ ದೇಶ ಮೆಟ್ರಿಕ್ ಪದ್ಧತಿಗೆ ಹೊರಳಿತು. ಹಳೆಯ ಯಂತ್ರಗಳಲ್ಲಿ ಥ್ರೆಡ್ ಕೊಯ್ಯುವಾಗ ಉಳಿಯನ್ನು ನಡೆಸುವ ಲೀಡ್‌ಸ್ಕ್ರೂ ಇಂಚಿನ ಲೆಕ್ಕದ್ದು. ಅದರಲ್ಲಿ ಮಿಲಿಮೀಟರ್ ಥ್ರೆಡ್ ಕೊಯ್ಯಬೇಕಾದರೆ 127 ಹಲ್ಲಿನ ಗೇರ್ ಬೇಕು. 5 ಇಂಚು ಎಂದರೆ ಸರಿಯಾಗಿ 127 ಮಿ.ಮೀ. ಆದ್ದರಿಂದ ಈ ಸಂಖ್ಯೆ. ಹಳೆಯ ಲೇತಿನ ಜೊತೆ ಈ ಒಂದು ಗೇರ್ ಬಂದಿದೆಯೇ ಎಂದು ಕೇಳದೆ ಮುಂಗಡ ಕೊಟ್ಟವರು ಆಮೇಲೆ ಅದಕ್ಕಾಗಿ ಅಲೆಯಬೇಕಿತ್ತು.

ಅದಕ್ಕಿಂತ ಮುಖ್ಯವಾದದ್ದು ಬೆಡ್. ಬಹುಪಾಲು ಕೆಲಸ ಗಿಡ್ಡ ತುಂಡುಗಳದ್ದು, ತುಂಡನ್ನು ಹಿಡಿಯುವ ಚಕ್ಕಿನ ಬಳಿಯೇ ನಡೆಯುವಂಥದ್ದು. ಆದ್ದರಿಂದ ಬೆಡ್ ಸವೆಯುವುದೂ ಅಲ್ಲೇ. ಅನುಭವಿ ಟರ್ನರ್, ಉಳಿಯನ್ನು ಹೊತ್ತು ಬೆಡ್ಡಿನ ಮೇಲೆ ಜಾರುವ ಸ್ಯಾಡಲನ್ನು ಚಕ್ಕಿನ ಬಳಿ ತಂದು, ಜಿಬ್ ಬಿಗಿಮಾಡಿ, ಇನ್ನೊಂದು ತುದಿಯ ಟೇಲ್‌ಸ್ಟಾಕಿನತ್ತ ಸರಿಸುತ್ತಾನೆ. ನಡುದಾರಿಯಲ್ಲಿ ಸ್ಯಾಡಲ್ ಕಚ್ಚಿಕೊಂಡರೆ ಬೆಡ್ ಸವೆದಿದೆ ಎಂದೇ ಅರ್ಥ. ಸ್ಪಿಂಡಲ್ ನೆಟ್ಟಗಿದೆಯೇ ಎಂದು ನೋಡಲು ಅದಕ್ಕೆ ಟೆಸ್ಟ್ ಬಾರ್ ಹಾಕಿ ಡಯಲ್ ಗೇಜ್ ಹಿಡಿಯುವ ಪದ್ಧತಿಗೆ ಜರ್ಮನಿಯ ಪ್ರಾಧ್ಯಾಪಕ ಗೇಯೋರ್ಗ್ ಷ್ಲೆಸಿಂಗರ್ 1927ರಲ್ಲೇ ಕ್ರಮ ಹಾಕಿಕೊಟ್ಟಿದ್ದರು. ಹೊಸ ಬಣ್ಣಕ್ಕೆ ಮರುಳಾಗದವರು ಈ ಎರಡು ಪರೀಕ್ಷೆಗಳನ್ನಂತೂ ಬಿಡುತ್ತಿರಲಿಲ್ಲ. ಸವೆದ ಬೆಡ್ಡನ್ನು ಗ್ರೈಂಡ್ ಮಾಡಿಸಿ, ಸ್ಯಾಡಲನ್ನು ಕೈಯಿಂದ ಸ್ಕ್ರೇಪ್ ಮಾಡಿ ಕೂರಿಸಿದರೆ ಯಂತ್ರಕ್ಕೆ ಮರುಜೀವ ಬರುತ್ತದೆ. ಇದು ದಿನಗಟ್ಟಲೆ ತಾಳ್ಮೆ ಬೇಡುವ ಕುಶಲ ಕೆಲಸ. ಅದಕ್ಕೆ ತಕ್ಕ ಕೂಲಿಯನ್ನೂ ಸೇರಿಸಿ ಲೆಕ್ಕ ಹಾಕಿದಾಗಷ್ಟೇ ಹಳೆಯ ಲೇತಿನ ನಿಜವಾದ ಬೆಲೆ ಗೊತ್ತಾಗುವುದು.

1991ರ ಉದಾರೀಕರಣದ ನಂತರ ಆಮದು ಸಲೀಸಾಯಿತು, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳು ಹರಡಿದವು. ದೊಡ್ಡ ಕಾರ್ಖಾನೆಗಳಲ್ಲಿ ಮೂಲೆಗೆ ಬಿದ್ದ ಕೈಲೇತುಗಳು ಸಣ್ಣ ವರ್ಕ್‌ಶಾಪುಗಳ ಪಾಲಾದವು. ಅದೇ ಹೊತ್ತಿಗೆ ಹರಿಹರ ಸೊರಗಿತು. 2000ರ ದಶಕದ ಆರಂಭದಲ್ಲಿ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿತು. ಆ ನಷ್ಟ ಆ ಊರಿನ ಕಾರ್ಮಿಕರದ್ದಷ್ಟೇ ಅಲ್ಲ. ದೇಶದ ಉದ್ದಗಲಕ್ಕೆ ಹಬ್ಬಿದ್ದ ಹರಿಹರದ ಲೇತುಗಳು ಒಮ್ಮೆಗೇ ತವರಿಲ್ಲದಂತಾದವು. ಗೇರ್ ಮುರಿದರೆ ಬೇರೆ ಯಂತ್ರದಿಂದ ಕಳಚಿ ತರಬೇಕು, ಇಲ್ಲವೇ ಹೊಸದಾಗಿ ಕೊಯ್ಯಿಸಬೇಕು.

ಒಂದೇ ಅಳತೆಯ ಸಾವಿರ ತುಂಡು ಬೇಕಾದವರು ಈಗ ಹೊಸ ಸಿಎನ್‌ಸಿಗೆ ಬ್ಯಾಂಕ್ ಸಾಲ ಮಾಡುತ್ತಾರೆ. ಅವರ ಮಟ್ಟಿಗೆ ಅದೇ ಸರಿ. ಪಂಪ್‌ಸೆಟ್ಟಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು ಎಂದು ದಿನಕ್ಕೊಂದು ಬಗೆಯ ರಿಪೇರಿ ಮಾಡುವವರಿಗೆ, ಬೆಡ್ ನೆಟ್ಟಗಿರುವ ಹಳೆಯ ಎಚ್‌ಎಂಟಿ ಲೇತೇ ಅನುಕೂಲ. ಇನ್ನು ಕೆಲವರು ಹಳೆಯ ಬೆಡ್ಡನ್ನೇ ಉಳಿಸಿಕೊಂಡು, ಅದಕ್ಕೆ ಬಾಲ್‌ಸ್ಕ್ರೂ, ಸರ್ವೋ ಮೋಟಾರು, ಹೊಸ ಕಂಟ್ರೋಲರ್ ಕೂರಿಸಿ ಸಿಎನ್‌ಸಿಯಾಗಿ ಮಾರ್ಪಡಿಸಿಕೊಳ್ಳುತ್ತಿದ್ದಾರೆ.