ದ್ವೀಪದ ಮರೆ: ಕ್ರೇತದಿಂದ ಕಾರವಾರದ ಅಂಜದೀವದವರೆಗೆ



ನಮ್ಮ ಜತ್ತ ತಾಲೂಕಿಗೆ ಸಮುದ್ರ ಬಹಳ ದೂರ. ಮಳೆಯೇ ಅಪರೂಪವಾದ ಈ ನೆಲದಲ್ಲಿ ಊರ ಕೆರೆ ತುಂಬಿದರೆ ಅದೇ ನಮಗೆ ಸಮುದ್ರ. ಹಾಗಾಗಿ ಯುವಜನರ ಬೈಬಲ್ ಓದಿನಲ್ಲಿ ‘ಪ್ರೇಷಿತರ ಕಾರ್ಯಕಲಾಪಗಳು’ 27ನೇ ಅಧ್ಯಾಯ ಬಂದಾಗ ನಾವೆಲ್ಲ ತಡವರಿಸಿದೆವು. ಸಂತ ಪೌಲರನ್ನು ಕೈದಿಯಾಗಿ ರೋಮಿಗೆ ಒಯ್ಯುವ ಹಡಗು ಸೈಪ್ರಸ್ ದ್ವೀಪದ ಮರೆ ಹಿಡಿಯುತ್ತದೆ, ಆಮೇಲೆ ಕ್ರೇತದ ಮರೆ ಹಿಡಿಯುತ್ತದೆ. “ನೇರ ಹೋಗೋದು ಬಿಟ್ಟು ದ್ವೀಪ ಸುತ್ತಿ ಯಾಕ ಹೋದ್ರು?” ಎಂದು ಒಬ್ಬರು ಕೇಳಿದರು. ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನಮಗೆ ಸಿಕ್ಕ ಇತಿಹಾಸವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಉತ್ತರ ನಮ್ಮ ಕುರಿಗಾರರಿಗೆ ಗೊತ್ತೇ ಇದೆ. ಕುರಿ ಹಿಂಡನ್ನು ರಾತ್ರಿ ತರುಬುವಾಗ ಅವರು ಗಾಳಿ ಬಡಿಯುವ ಕಡೆ ತರುಬುವುದಿಲ್ಲ, ಗುಡ್ಡದ ಮರೆ ನೋಡುತ್ತಾರೆ. ಹಾಯಿ ಹಡಗಿಗೆ ದ್ವೀಪವೇ ಆ ಗುಡ್ಡ. ಗಾಳಿ ಪಡುವಣದಿಂದ ಬೀಸಿದರೆ ಮೂಡಣ ಬದಿಯ ನೀರು ಶಾಂತ. ಆದರೆ ಮರೆಯೊಂದಿದ್ದರೆ ಸಾಲದು. ಅಲೆಗಳು ದ್ವೀಪದ ಎರಡೂ ತುದಿಗಳನ್ನು ಬಳಸಿ ಒಳಗೆ ಬಾಗುತ್ತವೆ, ಆದ್ದರಿಂದ ತುದಿಯಿಂದ ಒಳಗೆ ಸರಿದು ನಿಲ್ಲಬೇಕು. ತಳದಲ್ಲಿ ಮರಳು ಅಥವಾ ಕೆಸರು ಇರಬೇಕು. ಬರೀ ಬಂಡೆಯಾದರೆ ಲಂಗರು ಕಚ್ಚುವುದಿಲ್ಲ. ಆಳಕ್ಕಿಂತ ಹಲವು ಪಟ್ಟು ಉದ್ದ ಹಗ್ಗ ಬಿಡಬೇಕು, ಗಾಳಿ ತಿರುಗಿದಾಗ ಹಡಗು ಸುತ್ತಲು ಜಾಗ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇಂದಿನ ಗಾಳಿಗೆ ಮರೆಯಾದ ಜಾಗ ನಾಳಿನ ಗಾಳಿಗೆ ಬಯಲಾಗಬಹುದು.

ಪೌಲರ ಕಥೆಯಲ್ಲಿ ಆದದ್ದು ಅದೇ. ಮೆಡಿಟರೇನಿಯನ್ ಸಮುದ್ರದ ಆ ಭಾಗದಲ್ಲಿ ಬೇಸಿಗೆಯಲ್ಲಿ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬರುತ್ತದೆ. ಕ್ರೇತ ದ್ವೀಪ ಮೂಡಣದಿಂದ ಪಡುವಣಕ್ಕೆ ಸುಮಾರು 260 ಕಿ.ಮೀ. ಉದ್ದ. ಅದರ ದಕ್ಷಿಣದ ದಂಡೆ ಹಿಡಿದರೆ ಆ ಗಾಳಿಗೆ ಮರೆ. ಹಾಗೆ ತೆವಳುತ್ತಾ ಸಾಗಿದ ಹಡಗು ‘ಸುಂದರ ರೇವು’ ಎಂಬ ಅರ್ಥದ ಹೆಸರಿದ್ದ ಒಂದು ಜಾಗ ತಲುಪಿತು. ಅಲ್ಲಿಂದ ಸ್ವಲ್ಪ ಮುಂದೆ ಮಟಾಲ ಭೂಶಿರದ ಬಳಿ ದಂಡೆ ಉತ್ತರಕ್ಕೆ ತಿರುಗುತ್ತದೆ, ಮರೆ ಮುಗಿಯುತ್ತದೆ. ಆದ್ದರಿಂದಲೇ ಅಲ್ಲಿ ನಿಂತರು. ಆದರೆ ಆ ರೇವು ಮೂಡಣಕ್ಕೆ ತೆರೆದಿದೆ. ಚಳಿಗಾಲ ಕಳೆಯಲು ತಕ್ಕದ್ದಲ್ಲ. ಮುಂದೆ ಹೋಗುವುದು ಬೇಡ, ಜೀವಕ್ಕೇ ಅಪಾಯ ಎಂದು ಪೌಲರು ಎಚ್ಚರಿಸಿದರು. ಶತಾಧಿಪತಿ ಯೂಲಿಯನು ಚುಕ್ಕಾಣಿಯವನ ಮತ್ತು ಹಡಗಿನ ಯಜಮಾನನ ಮಾತು ಕೇಳಿದ. ಪಡುವಣಕ್ಕಿದ್ದ ಫೀನಿಕ್ಸ್ ಬಂದರಿಗೆ ಒಂದೆರಡು ದಿನದ ದಾರಿಯಷ್ಟೇ, ತೆಂಕಣ ಗಾಳಿಯೂ ಮೆಲ್ಲಗೆ ಬೀಸುತ್ತಿತ್ತು. ಹೊರಟರು. ದ್ವೀಪದ ಕಡೆಯಿಂದ ಈಶಾನ್ಯದ ಬಿರುಗಾಳಿ ಇಳಿಯಿತು. ಮರೆಯಾಗಿದ್ದ ದ್ವೀಪವೇ ಬಿರುಗಾಳಿಯ ಬಾಗಿಲಾಯಿತು.

ಆಮೇಲೆ ಕೌದ ಎಂಬ ಚಿಕ್ಕ ದ್ವೀಪದ ಮರೆ ಸ್ವಲ್ಪ ಹೊತ್ತು ಸಿಕ್ಕಿತು. ಅಷ್ಟರಲ್ಲೇ ಅವರು ಚಿಕ್ಕ ದೋಣಿಯನ್ನು ಮೇಲೆಳೆದುಕೊಂಡು, ಹಡಗಿನ ಒಡಲಿಗೆ ಹಗ್ಗ ಸುತ್ತಿ ಬಿಗಿದರು. ಹದಿನಾಲ್ಕನೆಯ ರಾತ್ರಿ ನೆಲ ಹತ್ತಿರವಾದಂತೆ ಅನಿಸಿ ಆಳ ನೋಡಿದರು: 20 ಮಾರು, ಸ್ವಲ್ಪ ಮುಂದೆ 15 ಮಾರು. ಮಾರು ಎಂದರೆ ಎರಡೂ ಕೈ ಚಾಚಿದಷ್ಟು ಉದ್ದ. ಅಂದರೆ ಸುಮಾರು 37 ಮೀಟರ್ ಇದ್ದದ್ದು 28ಕ್ಕೆ ಇಳಿದಿತ್ತು. ಹಿಂಭಾಗದಿಂದ ನಾಲ್ಕು ಲಂಗರು ಹಾಕಿ ಬೆಳಗಾಗಲಿ ಎಂದು ಪ್ರಾರ್ಥಿಸಿದರು. ಹಡಗು ಒಡೆಯಿತು, ಆದರೆ 276 ಜನರೂ ಮಾಲ್ಟಾ ದ್ವೀಪದ ದಡ ಸೇರಿದರು. ಜೇಮ್ಸ್ ಸ್ಮಿತ್ ಎಂಬ ಸ್ಕಾಟ್ಲೆಂಡಿನ ಹಾಯಿದೋಣಿ ಹವ್ಯಾಸಿ ಮಾಲ್ಟಾದಲ್ಲಿ ತಂಗಿ, ಗಾಳಿ, ಆಳ, ದೂರ ಎಲ್ಲವನ್ನೂ ಲೆಕ್ಕ ಹಾಕಿ 1848ರಲ್ಲಿ ಪುಸ್ತಕ ಪ್ರಕಟಿಸಿದ. ಅಂಥ ಗಾಳಿಯಲ್ಲಿ ತೇಲಿದ ಹಡಗು ಕೌದದಿಂದ ಮಾಲ್ಟಾಕ್ಕೆ ಬರಲು ಸುಮಾರು ಹದಿಮೂರು ದಿನ ಬೇಕು ಎಂದು ಅವನ ಲೆಕ್ಕ. ಬೈಬಲ್ ಹೇಳುವ ಹದಿನಾಲ್ಕನೆಯ ರಾತ್ರಿಗೆ ಅದು ಸರಿಹೊಂದುತ್ತದೆ.

ಹಡಗುಗಳು ಮರೆ ಹುಡುಕಿ ಬಂದ ಇಂಥದೇ ಒಂದು ದ್ವೀಪ ನಮ್ಮ ಕಡಲಲ್ಲೂ ಇದೆ. ಅದೇ ಕಾರವಾರದ ದಕ್ಷಿಣಕ್ಕಿರುವ ಅಂಜದೀವ. ದ್ವೀಪಕ್ಕೂ ದಂಡೆಗೂ ನಡುವಿನ ನೀರಿಗೆ ಪಡುವಣದ ಅಲೆಗಳ ಹೊಡೆತ ಕಡಿಮೆ. ದ್ವೀಪದಲ್ಲಿ ಸಿಹಿನೀರೂ ಇತ್ತು, ಸೌದೆಯೂ ಇತ್ತು. 1498ರ ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆಯಿಂದ ಮರಳುತ್ತಿದ್ದ ವಾಸ್ಕೊ ದ ಗಾಮ ಮೊದಲು ಮಲ್ಪೆಯ ಎದುರಿನ ದ್ವೀಪಗಳಲ್ಲಿ ಸಂತ ಮರಿಯಳ ಹೆಸರಿನಲ್ಲಿ ಕಲ್ಲುಕಂಬ ನೆಟ್ಟ. ಅಲ್ಲಿಂದ ಅಂಜದೀವಕ್ಕೆ ಬಂದು ಲಂಗರು ಹಾಕಿ, ಹಡಗುಗಳ ತಳ ಉಜ್ಜಿ ರಿಪೇರಿ ಮಾಡಿಸಿದ, ನೀರು ತುಂಬಿಸಿಕೊಂಡ. ಅಲ್ಲಿ ಕೆತ್ತಿದ ಕಲ್ಲಿನ ಕೆರೆಯೊಂದು ಇತ್ತು ಎಂದು ಆ ಪಯಣದ ದಿನಚರಿ ಹೇಳುತ್ತದೆ. ಅಂದರೆ ಈ ತಂಗುದಾಣವನ್ನು ‘ಕಂಡುಹಿಡಿದವರು’ ಪೋರ್ಚುಗೀಸರಲ್ಲ. ಅವರಿಗಿಂತ ಮೊದಲೇ ಯಾರೋ ಇಲ್ಲಿ ಕಲ್ಲು ಕಡಿದು ನೀರು ನಿಲ್ಲಿಸಿದ್ದರು.

ನಮಗೆ ಮುಜುಗರ ತರುವ ಮಾತೂ ಒಂದಿದೆ. ಆಗ ಗೋವೆ ವಿಜಯಪುರದ ಆದಿಲಶಾಹಿಯ ಕೈಯಲ್ಲಿತ್ತು. ಮುಂದೆ ನಮ್ಮ ಜತ್ತದ ಡಫಳೆ ಮನೆತನ ಸೇವೆ ಸಲ್ಲಿಸಿದ್ದೂ ಅದೇ ಆದಿಲಶಾಹಿಗೆ. ಗೋವೆಯ ಕಡೆಯಿಂದ ಒಬ್ಬ ಯಹೂದಿ ಹಡಗಿಗೆ ಬಂದ. ಗಾಮನ ಜನ ಅವನನ್ನು ಹಿಡಿದು ಹಿಂಸಿಸಿ ಬಾಯಿ ಬಿಡಿಸಿದರು. ಪೋರ್ಚುಗಲಿಗೆ ಒಯ್ದ ಮೇಲೆ ಅವನು ದೀಕ್ಷಾಸ್ನಾನ ಪಡೆದು ಗಾಸ್ಪರ್ ದ ಗಾಮ ಎನಿಸಿಕೊಂಡ. ಆಸರೆ ಪಡೆದವರೇ ಬಂದವನನ್ನು ಹೀಗೆ ನಡೆಸಿಕೊಂಡರು. ಕ್ರೈಸ್ತರಾದ ನಾವು ಇದನ್ನು ಮುಚ್ಚಿಡಬಾರದು.

1505ರಲ್ಲಿ ವೈಸ್‌ರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡ ಅಲ್ಲಿ ಕೋಟೆ ಕಟ್ಟಿಸಿದ. ಅದು ಬಹುಕಾಲ ಉಳಿಯಲಿಲ್ಲ. ಗೋವೆಯ ಕಡೆಯಿಂದ ದಾಳಿ ನಡೆಯಿತು, ಖರ್ಚೂ ಮೈಮೇಲೆ ಬಂತು; ಪೋರ್ಚುಗೀಸರೇ ಅದನ್ನು ಬಿಟ್ಟರು.

ಅತಿ ದೊಡ್ಡ ದುರಂತ ಇಂಗ್ಲಿಷರದು. 1661ರ ವಿವಾಹ ಒಪ್ಪಂದದಲ್ಲಿ ಮುಂಬಯಿ ಇಂಗ್ಲೆಂಡಿನ ರಾಜನಿಗೆ ಬಳುವಳಿಯಾಗಿ ಬಂತು. ಅದನ್ನು ವಶಕ್ಕೆ ಪಡೆಯಲು 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ ನಾನೂರಕ್ಕೂ ಹೆಚ್ಚು ಸೈನಿಕರೊಂದಿಗೆ ಬಂದ. ಪೋರ್ಚುಗೀಸ್ ಅಧಿಕಾರಿಗಳು ಕಾಗದ ಪತ್ರ ಸರಿಯಿಲ್ಲ ಎಂದು ಬಾಗಿಲು ತೆರೆಯಲಿಲ್ಲ. ಸೂರತ್ತಿನಲ್ಲಿದ್ದ ಅವರದೇ ಕಂಪನಿಯವರು, ಮೊಗಲರು ಸಿಟ್ಟಾಗುತ್ತಾರೆ ಎಂದು ಅಲ್ಲಿಯೂ ಇಳಿಸಿಕೊಳ್ಳಲಿಲ್ಲ. ಕೊನೆಗೆ ಸೈನಿಕರು ಅಂಜದೀವದಲ್ಲಿ ಇಳಿದರು. ಹಡಗು ಕೆಲವು ದಿನ ನಿಂತು ನೀರು ತುಂಬಿಕೊಂಡು ಹೋಗುವ ಜಾಗದಲ್ಲಿ ಅವರು ಎರಡು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಮುಂಗಾರು, ಜ್ವರ, ಆಹಾರದ ಕೊರತೆ. ಶಿಪ್‌ಮನ್ 1664ರಲ್ಲಿ ಅಲ್ಲೇ ತೀರಿಕೊಂಡ. 1665ರ ಫೆಬ್ರುವರಿಯಲ್ಲಿ ಹಂಫ್ರಿ ಕುಕ್ ಮುಂಬಯಿಯನ್ನು ವಶಕ್ಕೆ ಪಡೆದಾಗ ಅವನ ಜೊತೆ ಉಳಿದಿದ್ದವರು ನೂರಕ್ಕೆ ಸ್ವಲ್ಪ ಹೆಚ್ಚು ಜನ ಮಾತ್ರ. ಅವರನ್ನು ಕೊಂದದ್ದು ಬಿರುಗಾಳಿಯಲ್ಲ. ಬೇರೆ ಬಾಗಿಲುಗಳು ಮುಚ್ಚಿದ್ದರಿಂದ ತಂಗುದಾಣವೇ ಅವರಿಗೆ ಮನೆಯಾಗಬೇಕಾಗಿ ಬಂತು.

ಮುಂದೆ 1682ರಲ್ಲಿ ಪೋರ್ಚುಗೀಸರು ದ್ವೀಪವನ್ನು ಮತ್ತೆ ಕೋಟೆ ಮಾಡಿಕೊಂಡರು. ಅಲ್ಲಿ ಬ್ರೋತಸ್ ಮಾತೆಯ ಇಗರ್ಜಿ ಇತ್ತು. ‘ಬುಗ್ಗೆಗಳ ಮಾತೆ’ ಎಂದು ಅದನ್ನು ಕರೆಯುವುದುಂಟು. 1961ರ ಡಿಸೆಂಬರಿನಲ್ಲಿ ಭಾರತೀಯ ನೌಕಾಪಡೆ ದ್ವೀಪವನ್ನು ವಶಪಡಿಸಿಕೊಂಡಾಗ ನಮ್ಮ ಏಳು ನಾವಿಕರು ಪ್ರಾಣ ಕೊಟ್ಟರು. ಇಂದು ಅದು ಕಾರವಾರದ ಕದಂಬ ನೌಕಾನೆಲೆಯ ಭಾಗ. ದಂಡೆಯಿಂದ ದ್ವೀಪಕ್ಕೆ ಕಲ್ಲಿನ ಅಲೆತಡೆ ಕಟ್ಟಿದ್ದಾರೆ. ಐದು ಶತಮಾನದ ಹಿಂದೆ ಹಾಯಿ ಹಡಗುಗಳು ಹುಡುಕಿ ಬಂದ ಅದೇ ಮರೆಯಲ್ಲಿ ಈಗ ಯುದ್ಧನೌಕೆಗಳು ನಿಲ್ಲುತ್ತವೆ.

ಗೆಳೆಯರೇ, ಈ ಇತಿಹಾಸ ಓದುವಾಗ ನಮಗೆ ನೆನಪಾದದ್ದು ನಮ್ಮ ತಾಲೂಕಿನ ಕಬ್ಬು ಕಡಿಯುವ ಕುಟುಂಬಗಳು. ಸುಗ್ಗಿ ಶುರುವಾದೊಡನೆ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಹೋಗುತ್ತಾರೆ, ಗದ್ದೆ ಬದಿಯ ಗುಡಿಸಲಲ್ಲಿ ಇರುತ್ತಾರೆ. ನಾಲ್ಕು ದಿನಕ್ಕೆ ಹಾಕಿದ ಗುಡಿಸಲಲ್ಲಿ ತಿಂಗಳುಗಟ್ಟಲೆ ಕಳೆಯುತ್ತದೆ, ಶಾಲೆ ತಪ್ಪುತ್ತದೆ. ಪುಣೆ, ಮುಂಬಯಿಗೆ ಕೆಲಸ ಹುಡುಕಿ ಹೋಗುವ ನಮ್ಮ ವಯಸ್ಸಿನವರದೂ ಇದೇ ಪಾಡು. ಗೆಳೆಯನ ಕೋಣೆ ಒಂದು ವಾರಕ್ಕೆ ಆಸರೆ, ಒಂದು ವರ್ಷಕ್ಕಲ್ಲ.

ಮಾಲ್ಟಾದ ಜನ ಏನು ಮಾಡಿದರು? ಮಳೆ, ಚಳಿಯಲ್ಲಿ ತೊಯ್ದು ಬಂದ ಅಪರಿಚಿತರಿಗೆ ಮೊದಲು ಬೆಂಕಿ ಹಾಕಿದರು. ಮೂರು ತಿಂಗಳು ಉಳಿಸಿಕೊಂಡು, ಹೊರಡುವಾಗ ಬೇಕಾದದ್ದನ್ನೆಲ್ಲ ಹಡಗಿಗೆ ತುಂಬಿ ಕಳಿಸಿದರು. ಪೌಲರು ಕೈದಿ ಎಂದು ಬಾಗಿಲು ಮುಚ್ಚಲಿಲ್ಲ. ಅಂಜದೀವದಲ್ಲಿ ಸತ್ತವರಿಗೆ ಸಿಗದೇ ಹೋದದ್ದು ಇದೇ.

ಆದ್ದರಿಂದ ಈ ಸುಗ್ಗಿಗೆ ಮುಂಚೆ ನಮ್ಮ ಧರ್ಮಕೇಂದ್ರದಿಂದ ಹೊರಡುವ ಪ್ರತಿ ಮನೆಗೂ ನಾವು ಹೋಗೋಣ. ಮೂರು ಮಾತು ಕೇಳೋಣ: ಎಲ್ಲಿ ಇಳಿಯುತ್ತೀರಿ, ಎಷ್ಟು ದಿನ ಇರುತ್ತೀರಿ, ಅಲ್ಲಿ ನೀರು ಇದೆಯೇ? ಮಕ್ಕಳನ್ನು ಇಲ್ಲೇ ಬಿಟ್ಟು ಹೋಗುವುದಾದರೆ ಅವರ ಊಟ, ಓದು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಅಂದೇ ತೀರ್ಮಾನಿಸೋಣ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಹೆಸರು ಬರೆದುಕೊಳ್ಳುತ್ತೇವೆ. ಎಲ್ಲರೂ ನಿಲ್ಲಿರಿ.